ರೆಕ್ಕೆಯ ಒಳಮೈ

ಟೆಲಿಸ್ಕೋಪಿಗೆ ಬಲಗಣ್ಣು ಹಚ್ಚಿದಾಗಲೂ ಡಾಕ್ಟರ್ ಆಂಟಿ ಎಡಗಣ್ಣು ಮುಚ್ಚುತ್ತಿರಲಿಲ್ಲ. ಶೆಫೀಲ್ಡಿನ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿ ಜೀವಮಾನವೆಲ್ಲ ಮೈಕ್ರೋಸ್ಕೋಪ್ ನೋಡಿದ ಅಭ್ಯಾಸ. ಒಂದು ಕಣ್ಣು ಕೆಲಸದಲ್ಲಿದ್ದರೆ ಇನ್ನೊಂದು ಸುಮ್ಮನೆ ಗಾಳಿಯನ್ನು ದಿಟ್ಟಿಸುತ್ತಿತ್ತು; ಎದುರಿಗೆ ನಿಂತವರಿಗೆ ತಮ್ಮನ್ನೇ ಗದರಿಸುತ್ತಿದ್ದಾರೇನೋ ಅನಿಸಬೇಕು.

ಮೂಲತಃ ಧಾರವಾಡದವರು. ನಾನು ಎಂಎಸ್ಸಿ ಓದಲು ಮೈಸೂರಿನಿಂದ ಶೆಫೀಲ್ಡಿಗೆ ಬಂದು ಅವರ ಪಕ್ಕದ ಮನೆಯಲ್ಲಿ ರೂಮು ಹಿಡಿದಾಗ ಆಗಲೇ ನಿವೃತ್ತರಾಗಿದ್ದರು. ಬಾಗಿಲು ತಟ್ಟಿ ಶೇಂಗಾ ಚಟ್ನಿಪುಡಿ ಕೊಟ್ಟ ಮೊದಲ ದಿನವೇ, "ಶನಿವಾರ ಏನ್ ಮಾಡ್ತಿ? ಬೂಟು ಅದಾವೇನು?" ಎಂದು ಕೇಳಿದ್ದರು. ಅಲ್ಲಿಗೆ ನನ್ನ ಶನಿವಾರಗಳು ಕೆಸರಿನ ಪಾಲಾದವು.

ಅವರ ಹುಚ್ಚು ಗೋಲ್ಡನ್ ಪ್ಲವರ್. ಬೆನ್ನ ಮೇಲೆ ಬಂಗಾರದ ಚುಕ್ಕಿ ಚೆಲ್ಲಿಕೊಂಡು, ಚಳಿಗಾಲದಲ್ಲಿ ಊರಾಚೆಯ ಹೊಲಗಳಲ್ಲಿ ಹಿಂಡು ಹಿಂಡಾಗಿ ಇಳಿಯುವ ಹಕ್ಕಿ. ಇಲ್ಲಿಯದು ಮಾಮೂಲಿ. ಅದರ ದಾಯಾದಿಗಳು, ಸೈಬೀರಿಯಾದ್ದೊಂದು, ಅಮೆರಿಕದ್ದೊಂದು, ಅಪರೂಪಕ್ಕೆ ದಾರಿ ತಪ್ಪಿ ಬಂದು ಹಿಂಡು ಸೇರುತ್ತವೆ. ಮೈ ತುಸು ತೆಳು, ಕಾಲು ತುಸು ಉದ್ದ. ನೆಲದ ಮೇಲಿದ್ದಾಗ ಅನುಮಾನ ಪಡಬಹುದು, ಅಷ್ಟೇ. ರೆಕ್ಕೆ ಎತ್ತಿದರೆ ಗುಟ್ಟು ರಟ್ಟು. ಇಲ್ಲಿಯದಕ್ಕೆ ಕಂಕುಳು ಬಿಳಿ, ಆ ಎರಡಕ್ಕೂ ಬೂದು.

"ರೆಕ್ಕಿ ಎತ್ತೂತನಕ ಹೆಸರು ಇಡಬ್ಯಾಡ" ಎಂದು ಆಂಟಿ ಯಾವಾಗಲೂ ಹೇಳುತ್ತಿದ್ದರು.

ಆ ನವೆಂಬರಿನಲ್ಲಿ ನನ್ನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡು, ರಿಪೋರ್ಟಿಗೆ ಕಾಯಬೇಕು ಎಂದರು. ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಆಂಟಿಯ ಅಡುಗೆಮನೆಯಲ್ಲಿ ಕೂತು ಅತ್ತೆ.

"ಇಂಥವು ಎಷ್ಟೋ ನೋಡಿದೀರಲ್ಲ ಆಂಟಿ. ಏನಿರಬಹುದು, ಹೇಳಿ."

ಅವರು ಎದ್ದು ಚಹಾಕ್ಕೆ ನೀರಿಟ್ಟರು. "ನಾಳೆ ಹೊಲಕ್ಕ ಹೋಗೂಣು. ಬೆಚ್ಚಗ ಹಾಕ್ಕೊಂಡು ಬಾ" ಎಂದರು. ಎಂಥ ಕಲ್ಲು ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮರುದಿನ ಹಿಂಡಿನ ಅಂಚಿನಲ್ಲಿ ತೆಳುಮೈಯದೊಂದು ನಿಂತಿತ್ತು. ಹಕ್ಕಿ ನೋಡಲು ಲೀಡ್ಸಿನಿಂದ ಬಂದಿದ್ದವರೊಬ್ಬರು ಅದು ಸೈಬೀರಿಯಾದ್ದೇ ಎಂದು ಆಗಲೇ ನಾಲ್ಕಾರು ಜನಕ್ಕೆ ಮೆಸೇಜ್ ಹಾಕಿಬಿಟ್ಟಿದ್ದರು. ಸುತ್ತಲಿದ್ದವರೆಲ್ಲ ಅಪರೂಪದ್ದಾಗಲಿ ಎಂದು ಆಸೆಪಡುತ್ತಿದ್ದರೆ ನಾನೊಬ್ಬಳು, ಮಾಮೂಲಿಯದಾಗಲಿ ದೇವರೇ ಎಂದು ಬೇಡುತ್ತಿದ್ದೆ. ಟ್ರ್ಯಾಕ್ಟರ್ ಸದ್ದಿಗೆ ಹಿಂಡು ಎದ್ದಿತು. ಆ ಹಕ್ಕಿಯ ಕಂಕುಳು ಬಿಳಿ, ಒಗೆದು ಹಾಕಿದ ಪಂಚೆಯಷ್ಟು ಬಿಳಿ! ಲೀಡ್ಸಿನವರ ಮುಖ ಇಳಿಯಿತು. ಆಂಟಿ ಚಪ್ಪಾಳೆ ತಟ್ಟಿದರು.

"ಇವರಿಗೆಲ್ಲಾ ಬ್ಯಾರೇದು ಬೇಕು. ನಾ ಮೈಕ್ರೋಸ್ಕೋಪಿನ್ಯಾಗ ದಿನಾ ಮಾಮೂಲಿನ್ನ ಹುಡುಕತಿದ್ದೆ. ಸಿಕ್ಕರ ಅವತ್ತು ಚಹಾ ರುಚಿ ಹತ್ತತಿತ್ತು."

ರಿಪೋರ್ಟಿನ ದಿನ ಕರೆಯದೆಯೇ ಜೊತೆಗೆ ಬಂದರು. ಕ್ಯಾನ್ಸರ್ ಅಲ್ಲ, ಹೆದರುವಂಥದ್ದು ಏನೂ ಇಲ್ಲ ಎಂದರು ಡಾಕ್ಟರು. ಹೊರಗೆ ಬಂದವಳು ಕಾರಿಡಾರಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ತಿರುಗಿದರೆ ಆಂಟಿ ಕುರ್ಚಿ ಹಿಡಿದು ಕೂತಿದ್ದರು, ಎರಡೂ ಕಣ್ಣು ಮುಚ್ಚಿಕೊಂಡು.

"ಏನಾಯ್ತು ಆಂಟಿ?"

"ಏನಿಲ್ಲ ತಂಗಿ. ನಿದ್ದಿ ಮಾಡಿ ಭಾಳ ದಿನಾ ಆತು."

ಆಗ ನನಗೆ ಅರ್ಥವಾಯಿತು. ನನಗಿಂತ ಹೆಚ್ಚು ತಿಳಿದಿದ್ದವರು ನನಗಿಂತ ಹೆಚ್ಚು ಹೆದರಿದ್ದರು, ಅಷ್ಟು ದಿನ ಅದರ ಸುಳಿವು ಕೊಟ್ಟಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಆ ಋಣ ಹಾಗೇ ಉಳಿದಿದೆ.

ಅವತ್ತು ಆಸ್ಪತ್ರೆಯಿಂದ ಮರಳುವಾಗ ಟ್ರಾಮಿನಲ್ಲಿ ನನ್ನ ಹೆಗಲಿಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆದರು. ನಮ್ಮ ಸ್ಟಾಪು ಬಂತು. ನಾನು ಎಬ್ಬಿಸಲಿಲ್ಲ.