ದೀಪ ಆರಲಿಲ್ಲವೇಕೆ

ನದಿ ಕಡಲು ಸೇರುವಲ್ಲಿ ತೂಬು ಕಾಯುತ್ತಿದ್ದವಳನ್ನು ಎಲ್ಲರೂ ತೂಬಿನಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಉಬ್ಬರ ಇಳಿತ ನೋಡಿ ಬಾಗಿಲು ಏರಿಸಿ ಇಳಿಸಿದ ಕೈ. ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ತರಕಾರಿಯವನ ತಕ್ಕಡಿಯ ತಳವನ್ನೂ ಸವರಿ ನೋಡುತ್ತಿದ್ದಳು.

ತೂಬಿನ ಪಕ್ಕದಲ್ಲೇ ಒಂದು ತಗಡಿನ ಶೆಡ್ಡು ಎದ್ದಿತು. ತೆಳು ಹಾಳೆಗಳ ಸಾಲಿನ ಒಂದು ಮಗ್ಗುಲಿಗೆ ಹೊಳೆನೀರು, ಇನ್ನೊಂದಕ್ಕೆ ಕಡಲನೀರು. ಎರಡರ ಉಪ್ಪಿನ ವ್ಯತ್ಯಾಸದಿಂದಲೇ ಕರೆಂಟು ಹುಟ್ಟುತ್ತದೆ ಎಂದ ಎಂಜಿನಿಯರ್. ಹಾಳೆ ತೊಳೆಯುವ ಕೆಲಸ ಅವಳಿಗೆ ಸಿಕ್ಕಿತು.

"ಉಪ್ಪುನೀರಿಂದ ದೀಪ ಹತ್ತೋದಾಗಿದ್ರೆ ನನ್ನ ಕಣ್ಣೀರಿಗೆ ಊರೆಲ್ಲ ಬೆಳಗ್ತಿತ್ತು," ಎಂದರು ಅತ್ತೆ.

ಆದರೆ ಗೋಡೆಯ ಮೇಲೆ ಎಂಟು ಬಲ್ಬು ಉರಿಯುತ್ತಿದ್ದವು. ಪಕ್ಕದ ಕಬ್ಬಿಣದ ಬೀರುವಿಗೆ ಸದಾ ಬೀಗ. ಕೀಲಿ ಮ್ಯಾನೇಜರನ ಬಳಿ. ನೆರೆ ಬಂದ ವಾರ ಹಾಳೆಗಳಿಗೆಲ್ಲ ಕೆಸರು ಮೆತ್ತಿತು. ಬಲ್ಬು ಮಾತ್ರ ಕೂದಲೆಳೆಯಷ್ಟೂ ಮಂಕಾಗಲಿಲ್ಲ.

"ಯಾಕೆ ಸರ್?"

"ನನಗೂ ಅದೇ ಆಶ್ಚರ್ಯ," ಎಂದ ಎಂಜಿನಿಯರ್.

ಕಳ್ಳ, ಕಲಿತ ಪಾಠ ಒಪ್ಪಿಸ್ತಿದ್ದಾನೆ ಅಂದುಕೊಂಡಳು ಅಕ್ಕ.

ಮರುದಿನ ಅವನು ಊಟಕ್ಕೆ ಹೋದಾಗ ಹೊಳೆನೀರಿನ ವಾಲ್ವನ್ನು ಪೂರ್ತಿ ತಿರುಗಿಸಿ ಮುಚ್ಚಿದಳು. ಅರ್ಧ ಗಂಟೆ ಕಳೆಯಿತು. ಎಂಟೂ ಬಲ್ಬು ಉರಿಯುತ್ತಲೇ ಇದ್ದವು.

ಅವನು ಬಂದೊಡನೆ, "ನೀರು ನಿಲ್ಸಿದೀನಿ. ನಿಮ್ಮ ದೀಪ ನೋಡಿ," ಎಂದಳು.

ಅವನ ಮುಖ ಬಿಳಿಚಿಕೊಂಡಿತು. ಸುತ್ತಿಗೆ ತಂದು ಬೀರುವಿನ ಬೀಗ ಒಡೆದ. ಒಳಗೆ ಬೀದಿ ಕಂಬದಿಂದ ಬಲ್ಬುಗಳಿಗೆ ಎಳೆದ ದಪ್ಪ ತಂತಿ.

"ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿದ್ರೆ ಮೂರು ವರ್ಷ ಈ ಕೆಸರಲ್ಲಿ ಯಾಕೆ ಕೂತಿರ್ತಿದ್ದೆ?" ಎಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದ.

ಹೊರಗಿನ ಮೇನ್ ಸ್ವಿಚ್ ಆರಿಸಿ ತಂತಿ ಕತ್ತರಿಸಿದರು. ಇಬ್ಬರೂ ಸಂಜೆವರೆಗೆ ಹಾಳೆ ತೊಳೆದು ನೀರು ಬಿಟ್ಟರು. ಒಂದೇ ಒಂದು ಬಲ್ಬು ಕೆಂಡದಂತೆ ಕೆಂಪಾಯಿತು. ಅಕ್ಕ ವಾಲ್ವು ಮುಚ್ಚಿದಳು, ಮೆಲ್ಲಗೆ ಆರಿತು. ತೆರೆದಳು; ಹತ್ತಿತು. ಹಾಗೆ ನಾಲ್ಕು ಸಲ ಮಾಡಿದ ಮೇಲೆ, "ಇದು ಸುಳ್ಳಲ್ಲ," ಎಂದಳು.

ಎಂಜಿನಿಯರ್ ಮೇಲಿನವರಿಗೆ ನಡೆದದ್ದೆಲ್ಲ ಬರೆದು ಅವಳ ಸಹಿ ಕೇಳಿದ. ಎರಡು ಸಲ ಅವನಿಂದಲೇ ಓದಿಸಿದಳು. ಸಾಲದೆಂದು ಕಾಗದವನ್ನು ಮನೆಗೊಯ್ದು ನಾದಿನಿಯಿಂದಲೂ ಓದಿಸಿ, ಆಮೇಲೆ ಸಹಿ ಹಾಕಿದಳು. ಕದ್ದ ಕರೆಂಟಲ್ಲಿ ಯೋಜನೆ ಗೆದ್ದಂತೆ ತೋರಿಸಿದ್ದ ಮ್ಯಾನೇಜರ್ ಕೆಲಸ ಕಳೆದುಕೊಂಡ. ತನಿಖೆಗೆಂದು ಐದು ತಿಂಗಳು ಮುಚ್ಚಿದ್ದ ಶೆಡ್ಡು ಮತ್ತೆ ತೆರೆದಾಗ ಹೊಸ ಹಾಳೆಗಳ ಬಲದಲ್ಲಿ ಮೂರು ಬಲ್ಬು ಉರಿದವು.