ಬಾಯ್ಲರ್ ಅಜ್ಜನ ಹನ್ನೆರಡು ಪುಟ

ಕೋರ್ಟಿನ ಎದುರು ಸಾಲಿನಲ್ಲಿ ಟೈಪು ಅಕ್ಕನ ಅಂಗಡಿಯೆಂದರೆ ಗುಟ್ಟು ಹೊರಗೆ ಬೀಳದ ಜಾಗ ಎಂದೇ ಹೆಸರು. ಅಲ್ಲಿದ್ದ ಒಂದೇ ಕಂಪ್ಯೂಟರನ್ನು ಅವಳೂ ಜೆರಾಕ್ಸ್ ಮಾಡುವ ಅವಳ ಭಾವನೂ ಹಂಚಿಕೊಂಡಿದ್ದರು. ಹಿಂದೊಮ್ಮೆ ಭಾವ ಯಾರದೋ ವಿಚ್ಛೇದನದ ಅರ್ಜಿಯನ್ನು ಅದರಲ್ಲಿ ತೆರೆದು, ಬಂದವರಿಗೆಲ್ಲ ಓದಿ ಹೇಳಿ ನಗಿಸಿದ್ದ. ಅಂದಿನಿಂದ ಅಕ್ಕ ಕಂಪ್ಯೂಟರಿನಲ್ಲಿ ಯಾರ ಒಂದಕ್ಷರವನ್ನೂ ಉಳಿಸಿದವಳಲ್ಲ. ಗಿರಾಕಿಯ ಪೆನ್‌ಡ್ರೈವ್ ಸಿಕ್ಕಿಸುವುದು, ಅದರೊಳಗೇ ಫೈಲು ತೆರೆದು ಅದರೊಳಗೇ ಟೈಪು ಮಾಡುವುದು, ಕೆಲಸ ಮುಗಿದೊಡನೆ ಕಿತ್ತು ಅವರ ಕೈಗಿಡುವುದು. ಇನ್ನೊಂದು ಅಭ್ಯಾಸವೂ ಇತ್ತು. ಗಿರಾಕಿ ಹೇಳಿದ್ದು ಅವಳ ಕಿವಿಯಿಂದ ನೇರ ಬೆರಳಿಗಿಳಿಯುತ್ತಿತ್ತೇ ಹೊರತು ಮನಸ್ಸಿನೊಳಗೆ ಕಾಲಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ಊರವರ ಕಣ್ಣೀರನ್ನು ಟೈಪು ಮಾಡಿದವಳು ಅದನ್ನೆಲ್ಲ ತಲೆಗೆ ಹಚ್ಚಿಕೊಂಡರೆ ಬದುಕುವುದುಂಟೇ?

ಬಾಯ್ಲರ್ ಅಜ್ಜ ಬಂದದ್ದು ಗಂಟಲಿನ ಆಪರೇಷನ್ನಿಗೆ ಹದಿನೈದು ದಿನ ಇರುವಾಗ. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಮೂವತ್ತು ವರ್ಷದ ಹಿಂದೆ ಕಾರ್ಖಾನೆಯ ಬಾಯ್ಲರ್ ಸಿಡಿದು ಅವನ ತಮ್ಮನೂ ಇನ್ನೈದು ಜನರೂ ಸತ್ತಿದ್ದರು. ಅಜ್ಜನ ಹತ್ತೂ ಬೆರಳು ಬೆಂದು ಮುದ್ದೆಯಾಗಿದ್ದವು. ವಿಚಾರಣೆಗೆ ಬಂದವರು ತಪ್ಪೆಲ್ಲ ತಮ್ಮನ ತಲೆಗೆ ಕಟ್ಟಿ ಕೈತೊಳೆದುಕೊಂಡರು. ನಿಜವಾಗಿ, ಹೆಚ್ಚಾದ ಹಬೆಯನ್ನು ಹೊರಬಿಡುವ ಸೇಫ್ಟಿ ವಾಲ್ವನ್ನು ತಂತಿಯಿಂದ ಬಿಗಿಸಿದ್ದು ಯಾರೆಂದು ಬಲ್ಲವನು ಅಜ್ಜನೊಬ್ಬನೇ. ಹೆದರಿ ಬಾಯಿಬಿಟ್ಟಿರಲಿಲ್ಲ. ಐದು ಜನರನ್ನು ಕೊಂದವನ ಮಗಳು ಎನ್ನಿಸಿಕೊಂಡೇ ಬೆಳೆದ ತಮ್ಮನ ಮಗಳಿಗೆ ಈಗಲಾದರೂ ಅದನ್ನು ಬರೆದು ಕೊಟ್ಟುಹೋಗಬೇಕಿತ್ತು.

"ನಂಗೆ ಓದು ಬರಹ ಬರಲ್ಲ ತಾಯಿ, ಬೆರಳೂ ಇಲ್ಲ. ಇರೋದು ಈ ಹರಕು ಗಂಟಲೊಂದೇ," ಎಂದು ನಕ್ಕ. "ಅದೂ ಕೆಲಸ ಬಿಡ್ತೀನಿ ಅಂತ ನೋಟೀಸು ಕೊಟ್ಟಿದೆ."

ಹನ್ನೊಂದು ಮಧ್ಯಾಹ್ನ ಕೆಮ್ಮುತ್ತ, ನೀರು ಕುಡಿಯುತ್ತ ಹೇಳಿದ. ಹನ್ನೆರಡನೆಯ ಪುಟ ಮುಗಿದ ದಿನ ಪ್ರಿಂಟರಿನ ಶಾಯಿ ತೀರಿತ್ತು. ಹೊರಗೆ ಆಸ್ಪತ್ರೆಗೆ ಹೋಗುವ ಆಟೋ ಹಾರ್ನು ಒತ್ತುತ್ತಿತ್ತು. ಕಂಪ್ಯೂಟರ್ ಬಿಡು ಎಂದು ಭಾವ ಬೆನ್ನ ಹಿಂದೆ ಗೊಣಗುತ್ತಿದ್ದ. ಫೈಲು ಇನ್ನೂ ಸೇವ್ ಆಗುತ್ತಿರುವಾಗಲೇ ಅಕ್ಕ ಪೆನ್‌ಡ್ರೈವ್ ಕಿತ್ತು ಚಾಚಿದಳು. ಅಜ್ಜ ಅದನ್ನು ಅವಳಿಗೇ ಮರಳಿಸಿ, ಪ್ರಿಂಟು ತೆಗೆದು ಆಸ್ಪತ್ರೆಗೇ ತಂದುಕೊಡು, ಹೆಬ್ಬೆಟ್ಟಿನ ಜಾಗಕ್ಕೆ ಏನನ್ನಾದರೂ ಒತ್ತುತ್ತೇನೆ ಎಂದು ಹೊರಟ.

ಮರುದಿನ ಫೈಲು ತೆರೆದರೆ ಬಿಳಿ ಹಾಳೆ. ಅಕ್ಕ ಪೆನ್‌ಡ್ರೈವ್ ಹಿಡಿದು ಓಡಿದಳು. ಕಂಪ್ಯೂಟರ್ ರಿಪೇರಿಯವನು ಅರ್ಧ ದಿನ ಹೆಣಗಾಡಿ, ಬೇರೆಲ್ಲಾದರೂ ಕಾಪಿ ಇದೆಯೇ ಎಂದು ಕೇಳಿದ. ಇಲ್ಲ ಎಂದಳು. ಅಂಗಡಿಗೆ ಮರಳಿ ಕಣ್ಣುಮುಚ್ಚಿ ಕೀಲಿಗಳ ಮೇಲೆ ಕೈಯಿಟ್ಟಳು. ಹನ್ನೆರಡು ಪುಟ ಹೊಡೆದ ಬೆರಳುಗಳು ಸುಮ್ಮನೆ ಕೂತವು.

ಮೂರನೆಯ ದಿನ ಅಜ್ಜನನ್ನು ನೋಡಲು ಬಿಟ್ಟರು. ಗಂಟಲಲ್ಲಿ ಕೊಳವೆಯಿತ್ತು.

"ಎಲ್ಲಾ ಹೋಯ್ತು ಅಜ್ಜ. ನನ್ನ ಕೈಯಾರೆ ಕಳೆದೆ."

ಅವನು ಮುದ್ದೆಗೈಯಿಂದ ಸ್ಟೂಲನ್ನು ತಟ್ಟಿದ. ಅಕ್ಕ ಕೂತು, ಊರಿಗೆಲ್ಲ ಗೊತ್ತಿದ್ದ ಕತೆಯನ್ನೇ ಹಿಡಿದು ಒಂದೊಂದಾಗಿ ಕೇಳಿದಳು. ವಾಲ್ವ್ ಬಿಗಿದದ್ದು ತಮ್ಮನೇ? ತಲೆ ಅಡ್ಡಡ್ಡ ಆಡಿತು. ತಮ್ಮ ಬೇಡವೆಂದಿದ್ದನೇ? ಹೌದು, ಹೌದು, ಹೌದು. ಬಿಗಿಸಿದ್ದು ಮ್ಯಾನೇಜರೇ? ಅಲ್ಲ. ಇಂಜಿನಿಯರೇ? ಅಲ್ಲ. ಮೇಸ್ತ್ರಿಯೇ? ಅಲ್ಲ. ಅಲ್ಲಿಗೆ ಅವಳ ಪ್ರಶ್ನೆಗಳು ಮುಗಿದವು. ಅಜ್ಜನ ತುಟಿ ಒಂದು ಹೆಸರನ್ನು ಆಡುತ್ತಲೇ ಇತ್ತು, ದನಿಯಿಲ್ಲದೆ. ಹತ್ತು ಸಲವಾದರೂ ಅಕ್ಕ ಇದೇ ಕೈಯಿಂದ ಟೈಪು ಮಾಡಿದ ಹೆಸರು. ನರ್ಸು ಬಂದು ಹೊತ್ತಾಯಿತೆಂದಳು.

ಅಕ್ಕ ಕಾರ್ಖಾನೆಯ ಹಳೆಯ ಕಾವಲುಗಾರನ ಮನೆ ಹುಡುಕಿ, ಅಂದು ಅಲ್ಲಿದ್ದವರದೆಂದು ಅವನು ನೆನಪಿಸಿಕೊಂಡ ನಲವತ್ತೆರಡು ಹೆಸರು ಬರೆದುಕೊಂಡಳು. ಬೆಳಿಗ್ಗೆ ಪಟ್ಟಿ ಹಿಡಿದು ಹೋದಾಗ ಅಜ್ಜನ ಹಾಸಿಗೆ ಸುತ್ತಿಟ್ಟಿದ್ದರು.

ತಮ್ಮನ ಮಗಳು ದರ್ಜಿ. ಅಜ್ಜ ತಲೆಯಾಡಿಸಿ ಹೇಳಿದಷ್ಟನ್ನೇ ಟೈಪು ಮಾಡಿ ಅಕ್ಕ ಕೊಟ್ಟ ಒಂದೇ ಹಾಳೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟು ಎರಡು ಸಲ ಓದಿದಳು.

"ಅಪ್ಪ ಬೇಡ ಅಂದಿದ್ರಾ?"

"ಅಂದಿದ್ರು. ದೊಡ್ಡಪ್ಪ ಮೂರು ಸಲ ತಲೆ ಆಡ್ಸಿದ್ರು."

"ಮತ್ತೆ ಬಿಗಿ ಅಂದೋರು ಯಾರು?"

ಪಟ್ಟಿ ಕೈಚೀಲದಲ್ಲೇ ಇತ್ತು. ಅದರಲ್ಲಿ ಅರ್ಧಕ್ಕರ್ಧ ಜನ ಸತ್ತವರು. ಅವರಲ್ಲಿ ಯಾರ ಹೆಸರು ಹೇಳಿದರೂ ಬಂದು ಕೇಳುವವರಿರಲಿಲ್ಲ.

"ನಂಗೆ ಹೇಳಿದ್ರು ತಂಗಿ," ಎಂದಳು ಅಕ್ಕ. "ನಾನು ಕೇಳಿಸ್ಕೊಳ್ಳಲಿಲ್ಲ."