ಎರಡು ಮನೆಗಳ ಒಂದೇ ನಡಿಗೆ

ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ಐವತ್ತು ದಾಟಿದ ಮೇಲೆ ಅಪ್ಪ ತೋಟದ ಬದುವಿನ ಮೇಲೆ ತೂರಾಡತೊಡಗಿದರು. ಕಾಲು ಅಗಲಿಸಿ, ನೆಲವನ್ನೇ ನಂಬದವರಂತೆ ಹೆಜ್ಜೆ ಇಡುತ್ತಿದ್ದರು. ಆಮೇಲೆ ಮಾತೂ ತೊದಲಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಒಂದು ಹನಿ ಕುಡಿಯದ ಮನುಷ್ಯ. ಆದರೂ ಈ ವಯಸ್ಸಿನಲ್ಲಿ ಕುಡಿತ ಕಲಿತಿದ್ದಾನೆ ಎಂದು ಊರವರು ಆಡಿಕೊಂಡರು. ಅಪ್ಪ ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನೇ ಬಿಟ್ಟರು. ಅಜ್ಜನೂ ಕೊನೆಗಾಲದಲ್ಲಿ ಹೀಗೇ ನಡೆಯುತ್ತಿದ್ದನಂತೆ. ಅವನನ್ನು ಕುಡುಕನೆಂದೇ ತಿಳಿದು ಮಣ್ಣು ಮಾಡಿದ್ದರು.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅಪ್ಪನನ್ನು ಕರೆಸಿಕೊಂಡು ನರರೋಗದ ಡಾಕ್ಟರ ಹತ್ತಿರ ಹೋದೆ. ಅವರು ತಲೆಯ ಸ್ಕ್ಯಾನ್ ನೋಡಿ, ಮೈಯ ಸಮತೋಲ ಕಾಯುವ ಕಿರುಮೆದುಳು ಸೊರಗುತ್ತಿದೆ, ಇದು ವಂಶದಲ್ಲಿ ಬರುವಂಥದ್ದು, ತೀರಾ ಅಪರೂಪ ಎಂದರು. ಖಚಿತಪಡಿಸಿಕೊಳ್ಳಲು ರಕ್ತ ತೆಗೆದರು.

ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಬುರ್ಖಾ ತೊಟ್ಟ ಹೆಂಗಸೊಬ್ಬಳು ಅಪ್ಪನ ಕಾಲನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಆಕೆ ಎದ್ದು ಹತ್ತಿರ ಬಂದು, "ಅಕ್ಕಾರ, ನಮ್ಮ ಭಾಯಿನೂ ಹಿಂಗೇ ನಡೀತಾರ್ರೀ," ಎಂದಳು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಆಕೆಯ ಅಣ್ಣ ಗೋಡೆ ಹಿಡಿದು ಎದ್ದರು. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಟೈಲರ್ ಅಂಗಡಿ ಇಟ್ಟವರು. ಅದೇ ಅಗಲಿಸಿದ ಕಾಲು, ಅದೇ ವಾಲಾಟ, ವಾಲಿದ ಮೇಲೆ ಸಾವರಿಸಿಕೊಳ್ಳುವ ಅದೇ ಭುಜ. ಅಪ್ಪ ಕಣ್ಣು ಮಿಟುಕಿಸದೆ ನೋಡಿದರು. ತಮ್ಮ ನಡಿಗೆ ಹೊರಗಿನಿಂದ ಹೇಗೆ ಕಾಣುತ್ತದೆಂದು ಅವರಿಗೆ ಗೊತ್ತಾದದ್ದು ಆಗಲೇ.

ಕೆಲವು ತಿಂಗಳ ನಂತರ ಡಾಕ್ಟರು ನಮ್ಮೆಲ್ಲರ ಒಪ್ಪಿಗೆ ಪಡೆದು ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿದರು. ಇಬ್ಬರ ರಕ್ತದಲ್ಲೂ ವಂಶವಾಹಿಯ ಒಂದೇ ದೋಷ, ವಂಶವಾಹಿಯಲ್ಲಿ ಅದರ ಸುತ್ತಮುತ್ತಲ ಗುರುತುಗಳೂ ಒಂದೇ ಎಂದರು. ಎಷ್ಟೋ ದೇಶಗಳಲ್ಲಿ ಡಾಕ್ಟರೊಬ್ಬರು ಇಡೀ ಜನ್ಮದಲ್ಲಿ ಇಂಥ ರೋಗಿಯನ್ನು ಕಾಣುವುದಿಲ್ಲವಂತೆ. ಕೆಲವೇ ಸೀಮೆಗಳಲ್ಲಿ ಮಾತ್ರ ಹಲವು ಮನೆಗಳಲ್ಲಿ ಸಿಗುತ್ತಾರಂತೆ. ಅದಕ್ಕೆ ನೀರು, ಗಾಳಿ ಕಾರಣವಲ್ಲ. ಯಾವಾಗಲೋ ಒಂದು ಜೀವದಲ್ಲಿ ಆದ ಬದಲಾವಣೆ, ಆ ಸಂತಾನ ನೆಲೆಸಿದಲ್ಲೆಲ್ಲ ಉಳಿದುಬಿಡುತ್ತದೆ.

"ನಿಮ್ಮಿಬ್ಬರಿಗೂ ಹಿಂದ ಎಲ್ಲೋ ಒಬ್ಬರೇ ಹಿರಿಯರು ಅದಾರ," ಎಂದರು ಡಾಕ್ಟರು. "ಎಷ್ಟು ತಲಿಮಾರು ಹಿಂದ ಅಂತ ಹೇಳಾಕ ಆಗಲ್ಲ."

ಆ ಹಿರಿಯರು ಗಂಡೋ ಹೆಣ್ಣೋ, ಯಾವ ಮಾತು ಆಡುತ್ತಿದ್ದರೋ, ಯಾವ ದೇವರಿಗೆ ಕೈಮುಗಿಯುತ್ತಿದ್ದರೋ. ಹೆಸರು ಅಳಿದಿತ್ತು, ಭಾಷೆ ಬದಲಾಗಿತ್ತು, ಮಕ್ಕಳು ಎರಡು ಧರ್ಮಗಳಾಗಿ ಕವಲೊಡೆದಿದ್ದರು. ಅವರ ನಡಿಗೆ ಮಾತ್ರ ಯಾರಿಗೂ ತಿಳಿಯದಂತೆ ಇಲ್ಲಿಯವರೆಗೆ ಬಂದಿತ್ತು.

"ನಮ್ಮ ಅಬ್ಬಾಗ ಮಂದಿ ಶರಾಬಿ ಅಂತಿದ್ರು," ಎಂದರು ಟೈಲರ್.

"ನಮ್ಮಪ್ಪಗೂ," ಎಂದರು ಅಪ್ಪ, ಅವರ ಕೈ ಹಿಡಿದು.

ಈ ಕಾಯಿಲೆಗೆ ಔಷಧ ಇಲ್ಲ. ಇಬ್ಬರೂ ವ್ಯಾಯಾಮ ಮಾಡುತ್ತಾರೆ, ವಾಕರ್ ಹಿಡಿಯುತ್ತಾರೆ. ಅಪ್ಪ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಕೇಳಿದವರಿಗೆ ಇದು ನಮ್ಮ ವಂಶದ ಬ್ಯಾನಿ ಎಂದು ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ನನಗೂ ಬರಬಹುದು. ನಾನಿನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ.

ತಿಂಗಳಿಗೊಮ್ಮೆ ರೋಜಾಕ್ಕೆ, ಟೈಲರ್ ಮನೆಗೆ ಹೋಗುತ್ತೇವೆ. ಅಪ್ಪನದು ತೊದಲು ಕನ್ನಡ, ಅವರದು ಅರ್ಧ ದಖ್ಖನಿ ಉರ್ದು ಬೆರೆತ ತೊದಲು. ಅವರ ತಂಗಿಗೂ ನನಗೂ ಆ ಮಾತು ತಿಳಿಯುವಷ್ಟರಲ್ಲಿ ಅವರಿಬ್ಬರೂ ಒಬ್ಬರ ಮಾತಿಗೊಬ್ಬರು ನಕ್ಕು, ಮುಂದಿನ ಮಾತಿಗೆ ಹೋಗಿರುತ್ತಾರೆ.